ಟರ್ಮಿನಲ್‌ನ ಒಂದು ಸಾಲು, ಅದನ್ನು ತಿದ್ದುವ ರೀಡ್‌ಲೈನ್

ಉದ್ದನೆಯ ಕಮಾಂಡ್ ಒಂದನ್ನು ಟೈಪ್ ಮಾಡಿ ಮುಗಿಸಿದ್ದೀರಿ. ಎಂಟರ್ ಒತ್ತುವ ಮುಂಚೆ ಕಣ್ಣಾಡಿಸಿದರೆ ಮೊದಲನೇ ಪದದಲ್ಲೇ ಒಂದಕ್ಷರ ತಪ್ಪು. ಹೆಚ್ಚಿನವರು ಎಡಬಾಣದ ಕೀಲಿಯ ಮೇಲೆ ಬೆರಳಿಟ್ಟು, ಕರ್ಸರ್ ಒಂದೊಂದೇ ಅಕ್ಷರ ಹಿಂದೆ ಸರಿಯುವುದನ್ನು ನೋಡುತ್ತ ಕೂರುತ್ತಾರೆ. ಇನ್ನು ಕೆಲವರು ಬೇಸತ್ತು ಕಂಟ್ರೋಲ್-ಸಿ ಒತ್ತಿ ಮೊದಲಿಂದ ಬರೆಯುತ್ತಾರೆ. ಕಂಟ್ರೋಲ್-ಎ ಒತ್ತಿದ್ದರೆ ಕರ್ಸರ್ ಒಂದೇ ನೆಗೆತಕ್ಕೆ ಸಾಲಿನ ತಲೆಗೆ ಹೋಗುತ್ತಿತ್ತು.

ಲಿನಕ್ಸ್ ಸರ್ವರ್‌ಗಳ ಜೊತೆ ವರ್ಷಗಟ್ಟಲೆ ಏಗಿದವರಲ್ಲೂ ಇದು ಗೊತ್ತಿಲ್ಲದವರಿದ್ದಾರೆ. ತಪ್ಪು ಅವರದಲ್ಲ. ಆ ಸಾಲನ್ನು ನೋಡಿಕೊಳ್ಳುವ ರೀಡ್‌ಲೈನ್ ಎಂಬ ಲೈಬ್ರರಿ ತನ್ನ ಬಗ್ಗೆ ತಾನಾಗಿ ಏನನ್ನೂ ಹೇಳಿಕೊಳ್ಳುವುದಿಲ್ಲ. ಮೆನು ಇಲ್ಲ, ಗುಂಡಿ ಇಲ್ಲ. ಹಳಬರ ಅಭ್ಯಾಸ ಕೆಡಬಾರದೆಂದು ಅದರ ಮೂಲ ಸೆಟ್ಟಿಂಗ್‌ಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡು ಬಂದಿದ್ದಾರೆ. ಒಳ್ಳೆಯ ಸೌಲಭ್ಯಗಳೆಲ್ಲ ಒಳಗಿವೆ, ಆದರೆ ಮುಚ್ಚಿಟ್ಟಿವೆ. ಹೊಸ ಶೆಲ್‌ಗೆ ಹಾರುವ ಮುನ್ನ, ಇರುವುದನ್ನೇ ಹತ್ತು ಹದಿನೈದು ಸಾಲುಗಳ ಒಂದು ಫೈಲ್‌ನಿಂದ ಎಷ್ಟು ಸುಧಾರಿಸಬಹುದು ಎಂದು ನೋಡುವುದು ಲಾಭದ ಕೆಲಸ.

ಒಂದು ಸೂಚನೆ: ಕಮಾಂಡ್, ಸೆಟ್ಟಿಂಗ್, ಫೈಲ್‌ಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಯಂತ್ರಕ್ಕೆ ಬರೆಯುವಾಗ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ನಡುವಿನ ಅಡ್ಡಗೆರೆ ಬಿಡದೆ ಬರೆಯಿರಿ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದೇ ಹೇಳಿದೆ.

ಸಾಲನ್ನು ನೋಡಿಕೊಳ್ಳುವವರು ಯಾರು

ಬ್ಯಾಷ್ ಶೆಲ್‌ನಲ್ಲಿ ಕ್ಯಾಟ್ ಎಂದಷ್ಟೇ ಬರೆದು ಎಂಟರ್ ಒತ್ತಿ. ಈಗ ನಾಲ್ಕಕ್ಷರ ಟೈಪ್ ಮಾಡಿ ಎಡಬಾಣ ಒತ್ತಿ ನೋಡಿ. ಕರ್ಸರ್ ಹಿಂದಕ್ಕೆ ಹೋಗುವುದಿಲ್ಲ. ಬದಲಿಗೆ ಟೊಪ್ಪಿ ಗುರುತು, ಎರಡು ಚೌಕ ಕಂಸ, ಒಂದು ದೊಡ್ಡ ಡಿ ಪರದೆಯ ಮೇಲೆ ಬಂದು ಬೀಳುತ್ತವೆ. ಕ್ಯಾಟ್‌ಗೆ ಸಾಲು ತಿದ್ದಲು ಬರುವುದಿಲ್ಲ. ಆ ಕೆಲಸ ಕರ್ನೆಲ್‌ನ ಟರ್ಮಿನಲ್ ಡ್ರೈವರ್ ಪಾಲಿಗೆ ಬಿದ್ದಿದೆ. ಡ್ರೈವರ್‌ಗೆ ಗೊತ್ತಿರುವುದು ಕಡಿಮೆ: ಬ್ಯಾಕ್‌ಸ್ಪೇಸ್‌ಗೆ ಕೊನೆಯ ಅಕ್ಷರ, ಕಂಟ್ರೋಲ್-ಡಬ್ಲ್ಯೂಗೆ ಕೊನೆಯ ಪದ, ಕಂಟ್ರೋಲ್-ಯುಗೆ ಇಡೀ ಸಾಲು ಅಳಿಸುವುದು. ಕಾಗದದ ಸುರುಳಿಯ ಮೇಲೆ ಅಚ್ಚೊತ್ತುತ್ತಿದ್ದ ಟೆಲಿಟೈಪ್ ಯಂತ್ರಗಳ ಕಾಲಕ್ಕೆ ಅಷ್ಟು ಸಾಕಾಗಿತ್ತು. ಕಂಟ್ರೋಲ್-ಸಿ ಒತ್ತಿ ಹೊರಬನ್ನಿ.

ಬ್ಯಾಷ್‌ನ ಪ್ರಾಂಪ್ಟ್‌ನಲ್ಲಿ ಬಾಣಗಳು ಕೆಲಸ ಮಾಡುವುದು ರೀಡ್‌ಲೈನ್‌ನಿಂದ. ಅದು ಡ್ರೈವರ್‌ನ ವ್ಯವಸ್ಥೆಯನ್ನು ಬದಿಗೆ ಸರಿಸಿ, ಒತ್ತಿದ ಪ್ರತಿ ಕೀಲಿಯನ್ನೂ ತಾನೇ ಪಡೆದು, ಸಾಲನ್ನು ತಾನೇ ಪರದೆಯ ಮೇಲೆ ಬಿಡಿಸುತ್ತದೆ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗಾಗಿ ಬ್ರಯಾನ್ ಫಾಕ್ಸ್ 1989ರಲ್ಲಿ ಬ್ಯಾಷ್ ಬರೆಯುವಾಗ ಅದರ ಭಾಗವಾಗಿ ಹುಟ್ಟಿದ್ದು ಇದು. ಆಮೇಲೆ ಅಮೆರಿಕದ ಓಹಾಯೋದಲ್ಲಿರುವ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಚೆಟ್ ರೇಮಿ ಬ್ಯಾಷ್ ಮತ್ತು ರೀಡ್‌ಲೈನ್ ಎರಡನ್ನೂ ವಹಿಸಿಕೊಂಡರು. ದಶಕಗಳಿಂದ ಅವರೇ ನೋಡಿಕೊಳ್ಳುತ್ತಿದ್ದಾರೆ. ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರ್‌ಗಳಲ್ಲಿ ಕೂತಿರುವ ಲೈಬ್ರರಿಯ ಹೊಣೆ ಹೀಗೆ ಮುಖ್ಯವಾಗಿ ಒಬ್ಬರ ಹೆಗಲ ಮೇಲಿದೆ ಎಂಬುದು ಈ ಕ್ಷೇತ್ರದಲ್ಲಿ ಅಪರೂಪದ ಸಂಗತಿಯೇನಲ್ಲ, ಆದರೂ ಯೋಚಿಸುವಂಥದು.

ಬ್ಯಾಷ್‌ನಿಂದ ಬೇರ್ಪಟ್ಟು ಸ್ವತಂತ್ರ ಲೈಬ್ರರಿಯಾದ ಮೇಲೆ ರೀಡ್‌ಲೈನ್ ಎಲ್ಲೆಲ್ಲೋ ಸೇರಿಕೊಂಡಿತು. ಜಿಡಿಬಿ ಡೀಬಗರ್, ಪೋಸ್ಟ್‌ಗ್ರೆಸ್‌ನ ಪಿಎಸ್‌ಕ್ಯೂಎಲ್, ಆರ್, ಆಕ್ಟೇವ್ ಎಲ್ಲವೂ ಅದನ್ನು ಬಳಸಿಕೊಳ್ಳುತ್ತವೆ. ಒಮ್ಮೆ ಬೆರಳಿಗೆ ಹತ್ತಿದ ಅಭ್ಯಾಸ ಅಲ್ಲೆಲ್ಲ ಕೈಹಿಡಿಯುತ್ತದೆ. ಹೊರತಾದವೂ ಇವೆ: ಝಡ್‌ಎಸ್‌ಎಚ್ ಮತ್ತು ಫಿಶ್ ಶೆಲ್‌ಗಳಿಗೆ ಸ್ವಂತ ಸಾಲು-ಸಂಪಾದಕಗಳಿವೆ. ಪೈಥಾನ್ ಕೂಡ 3.13ರಿಂದ ತನ್ನದೇ ಹೊಸ ವ್ಯವಸ್ಥೆಗೆ ಹೋಗಿದೆ.

ಮೊದಲು ಕಲಿಯಬೇಕಾದ ಕೀಲಿಗಳು

ರೀಡ್‌ಲೈನ್‌ನ ಕೀಲಿಗಳು ಇಮ್ಯಾಕ್ಸ್ ಸಂಪಾದಕದಿಂದ ಬಂದವು. ಪಟ್ಟಿ ಉದ್ದವಿದೆ, ಎಲ್ಲ ಬೇಕಿಲ್ಲ. ಕಂಟ್ರೋಲ್-ಎ ಸಾಲಿನ ತಲೆಗೆ, ಕಂಟ್ರೋಲ್-ಇ ಬಾಲಕ್ಕೆ. ಆಲ್ಟ್-ಬಿ ಒಂದು ಪದ ಹಿಂದೆ, ಆಲ್ಟ್-ಎಫ್ ಒಂದು ಪದ ಮುಂದೆ. ಈ ನಾಲ್ಕೇ ಒಂದು ವಾರ ಬಳಸಿದರೂ ಬಾಣದ ಕೀಲಿಗಳ ನೆನಪು ಕಡಿಮೆಯಾಗುತ್ತದೆ.

ಅಳಿಸುವುದರಲ್ಲಿ ಸ್ವಾರಸ್ಯವಿದೆ. ಕಂಟ್ರೋಲ್-ಕೆ ಕರ್ಸರ್‌ನಿಂದ ಮುಂದಿನದನ್ನು, ಕಂಟ್ರೋಲ್-ಯು ಹಿಂದಿನದನ್ನು ಕತ್ತರಿಸುತ್ತದೆ. ಕತ್ತರಿಸಿದ್ದು ಹಾಳಾಗಿ ಹೋಗುವುದಿಲ್ಲ. ಕಂಟ್ರೋಲ್-ವೈ ಒತ್ತಿದರೆ ಮರಳಿ ಬರುತ್ತದೆ, ಅದರ ಬೆನ್ನಿಗೇ ಆಲ್ಟ್-ವೈ ಒತ್ತುತ್ತ ಹೋದರೆ ಅದಕ್ಕೂ ಹಿಂದೆ ಕತ್ತರಿಸಿದ್ದೂ ಸಿಗುತ್ತದೆ. ಅರ್ಧ ಕಮಾಂಡ್ ಬರೆದಾಗ ಬೇರೇನೋ ನೋಡಬೇಕು ಅನಿಸಿತೇ? ಕಂಟ್ರೋಲ್-ಯು ಒತ್ತಿ ಸಾಲು ಖಾಲಿ ಮಾಡಿ, ನೋಡಬೇಕಾದ್ದನ್ನು ನೋಡಿ, ಕಂಟ್ರೋಲ್-ವೈ ಒತ್ತಿ ಬಿಟ್ಟಲ್ಲಿಂದ ಮುಂದುವರಿಸಿ.

ಪದ ಅಳಿಸಲು ಎರಡು ದಾರಿಗಳಿವೆ, ಎರಡೂ ಒಂದೇ ಅಲ್ಲ. ಕಂಟ್ರೋಲ್-ಡಬ್ಲ್ಯೂ ಹಿಂದಿನ ಸ್ಪೇಸ್ ಸಿಗುವವರೆಗೆ ಎಲ್ಲವನ್ನೂ ಅಳಿಸುತ್ತದೆ. ಆಲ್ಟ್ ಮತ್ತು ಬ್ಯಾಕ್‌ಸ್ಪೇಸ್ ಕೂಡಿಸಿ ಒತ್ತಿದರೆ ಓರೆಗೆರೆ, ಚುಕ್ಕಿ, ಅಡ್ಡಗೆರೆಗಳಲ್ಲೂ ನಿಲ್ಲುತ್ತದೆ. ನಾಲ್ಕೈದು ಫೋಲ್ಡರ್‌ಗಳ ಆಳದ ದಾರಿಯಲ್ಲಿ ಕೊನೆಯ ಹೆಸರನ್ನಷ್ಟೇ ಬದಲಿಸಲು ಎರಡನೆಯದೇ ಸರಿ. ಬ್ರೌಸರ್‌ನೊಳಗೆ ತೆರೆಯುವ ಕ್ಲೌಡ್ ಟರ್ಮಿನಲ್‌ಗಳಲ್ಲಂತೂ ಎರಡನೆಯದನ್ನೇ ರೂಢಿಸಿಕೊಳ್ಳಿ: ಅಲ್ಲಿ ಕಂಟ್ರೋಲ್-ಡಬ್ಲ್ಯೂ ಪದದ ಬದಲು ಇಡೀ ಟ್ಯಾಬನ್ನೇ ಮುಚ್ಚಿಬಿಡಬಹುದು.

ಇನ್ನು ಮೂರು ಕೀಲಿಗಳಿವೆ. ನನ್ನ ಅಂದಾಜಿನಲ್ಲಿ ಇಡೀ ಲೈಬ್ರರಿಯ ಬೆಲೆ ತೀರಿಸುವಂಥವು. ಆಲ್ಟ್ ಹಿಡಿದು ಚುಕ್ಕಿ ಒತ್ತಿದರೆ ಹಿಂದಿನ ಕಮಾಂಡ್‌ನ ಕೊನೆಯ ಪದ ಇಲ್ಲಿಗೆ ಬರುತ್ತದೆ. ಮತ್ತೆ ಒತ್ತಿದರೆ ಅದರ ಹಿಂದಿನ ಕಮಾಂಡ್‌ನದು. ಫೋಲ್ಡರ್ ಸೃಷ್ಟಿಸಿ ತಕ್ಷಣ ಅದರೊಳಗೆ ಹೋಗುವಾಗ, ಫೈಲ್ ನಕಲು ಮಾಡಿ ತಕ್ಷಣ ತೆರೆಯುವಾಗ ಇದಕ್ಕಿಂತ ಸುಖವಿಲ್ಲ. ಎರಡನೆಯದು ಕಂಟ್ರೋಲ್-ಒ. ನಾಲ್ಕು ಕಮಾಂಡ್‌ಗಳನ್ನು ಅದೇ ಕ್ರಮದಲ್ಲಿ ಮತ್ತೆ ಓಡಿಸಬೇಕಿದ್ದರೆ ಮೇಲ್ಬಾಣ ಒತ್ತುತ್ತ ಮೊದಲನೆಯದಕ್ಕೆ ಹೋಗಿ ಎಂಟರ್ ಬದಲು ಕಂಟ್ರೋಲ್-ಒ ಒತ್ತಿ. ಅದು ಓಡುತ್ತದೆ, ಇತಿಹಾಸದ ಮುಂದಿನ ಸಾಲು ತಾನಾಗಿ ಎದುರಿಗೆ ಬಂದು ನಿಲ್ಲುತ್ತದೆ. ಮೂರನೆಯದು ಬ್ಯಾಷ್‌ಗೆ ಸೀಮಿತ: ಕಂಟ್ರೋಲ್-ಎಕ್ಸ್, ಆಮೇಲೆ ಕಂಟ್ರೋಲ್-ಇ. ಬರೆಯುತ್ತಿರುವ ಸಾಲು ದೊಡ್ಡಕ್ಷರದ ಎಡಿಟರ್ ಎಂಬ ಪರಿಸರ ಚಲಕದಲ್ಲಿ ನೀವು ಸೂಚಿಸಿರುವ ಸಂಪಾದಕದಲ್ಲಿ ತೆರೆದುಕೊಳ್ಳುತ್ತದೆ. ಒಂದು ಎಚ್ಚರಿಕೆ: ಉಳಿಸಿ ಮುಚ್ಚಿದ ಕೂಡಲೇ ಕಮಾಂಡ್ ಓಡಿಬಿಡುತ್ತದೆ, ಇನ್ನೊಮ್ಮೆ ಕೇಳುವುದಿಲ್ಲ. ಮನಸ್ಸು ಬದಲಾದರೆ ಎಲ್ಲವನ್ನೂ ಅಳಿಸಿ, ಖಾಲಿ ಫೈಲ್ ಉಳಿಸಿ ಹೊರಬನ್ನಿ.

ಹಿಂದಿನ ಕಮಾಂಡ್‌ಗಳಲ್ಲಿ ಹುಡುಕುವ ಕಂಟ್ರೋಲ್-ಆರ್ ಹೆಚ್ಚಿನವರಿಗೆ ಗೊತ್ತು. ಅವಸರದಲ್ಲಿ ಒತ್ತುತ್ತ ಬೇಕಾದ್ದನ್ನು ದಾಟಿ ಹೋದರೆ ಕಂಟ್ರೋಲ್-ಎಸ್ ಮುಂದಕ್ಕೆ ತರಬೇಕು. ತರುವುದಿಲ್ಲ, ಪರದೆ ಸ್ತಬ್ಧವಾಗುತ್ತದೆ. ಸರ್ವರ್ ಕೈಕೊಟ್ಟಿತೆಂದು ಗಾಬರಿಯಾಗಬೇಡಿ. ಅದು ಟರ್ಮಿನಲ್‌ನ ಹಳೆಯ ತಡೆ ಸಂಕೇತ, ಕಂಟ್ರೋಲ್-ಕ್ಯೂ ಒತ್ತಿದರೆ ಬಿಡುತ್ತದೆ. ಈ ಕಾಟವೇ ಬೇಡವೆಂದರೆ ಬ್ಯಾಷ್‌ಆರ್‌ಸಿ ಫೈಲ್‌ನಲ್ಲಿ ಎಸ್‌ಟಿಟಿವೈ, ಸ್ಪೇಸ್, ಅಡ್ಡಗೆರೆ, ಐಎಕ್ಸ್‌ಒಎನ್ ಎಂದು ಬರೆದಿಡಿ.

ಆಲ್ಟ್ ಕೀಲಿ ಕೆಲಸ ಮಾಡದಿದ್ದರೆ ತಪ್ಪು ರೀಡ್‌ಲೈನ್‌ನದಲ್ಲ. ಕೆಲವು ಟರ್ಮಿನಲ್‌ಗಳು ಆಲ್ಟ್-ಎಫ್ ಅನ್ನು ಫೈಲ್ ಮೆನು ತೆರೆಯಲು ಕಸಿದುಕೊಳ್ಳುತ್ತವೆ. ಅವುಗಳ ಸೆಟ್ಟಿಂಗ್‌ನಲ್ಲಿ ಅದನ್ನು ಆರಿಸಬಹುದು. ಮ್ಯಾಕ್‌ನ ಟರ್ಮಿನಲ್‌ನಲ್ಲಿ ಆಪ್ಷನ್ ಕೀಲಿಯನ್ನು ಮೆಟಾ ಎಂದು ಬಳಸುವ ಆಯ್ಕೆಗೆ ಗುರುತು ಹಾಕಬೇಕು. ಎಲ್ಲಿಯೂ ಏನೂ ನಡೆಯದಿದ್ದರೆ ಎಸ್ಕೇಪ್ ಒತ್ತಿ ಬಿಟ್ಟು ನಂತರ ಅಕ್ಷರ ಒತ್ತಿ. ಫಲ ಒಂದೇ.

ಇನ್‌ಪುಟ್‌ಆರ್‌ಸಿ: ಸುಧಾರಣೆಯ ಜಾಗ

ಕೀಲಿ ಕಲಿಯುವುದು ನಾವು ಲೈಬ್ರರಿಗೆ ಹೊಂದಿಕೊಳ್ಳುವ ಕೆಲಸ. ಲೈಬ್ರರಿಯನ್ನು ನಮಗೆ ಹೊಂದಿಸಿಕೊಳ್ಳುವುದು ಹೋಮ್ ಫೋಲ್ಡರ್‌ನಲ್ಲಿರುವ ಇನ್‌ಪುಟ್‌ಆರ್‌ಸಿ ಎಂಬ ಫೈಲ್‌ನಲ್ಲಿ. ಹೆಸರಿನ ಮುಂದೆ ಒಂದು ಚುಕ್ಕಿ ಇರಬೇಕು. ಫೈಲ್ ಇಲ್ಲದಿದ್ದರೆ ನೀವೇ ಸೃಷ್ಟಿಸಿ. ಆದರೆ ಸೃಷ್ಟಿಸಿದ ಗಳಿಗೆಯಿಂದ ರೀಡ್‌ಲೈನ್ ಇಟಿಸಿ ಫೋಲ್ಡರ್‌ನ ಸಾಮಾನ್ಯ ಇನ್‌ಪುಟ್‌ಆರ್‌ಸಿಯನ್ನು ಓದುವುದು ನಿಲ್ಲಿಸುತ್ತದೆ. ಹೋಮ್, ಎಂಡ್, ಡಿಲೀಟ್ ಕೀಲಿಗಳ ಹೊಂದಾಣಿಕೆ ಎಷ್ಟೋ ವಿತರಣೆಗಳಲ್ಲಿ ಅಲ್ಲಿರುತ್ತದೆ. ಹಾಗಾಗಿ ಮೊದಲ ಸಾಲು ಯಾವಾಗಲೂ ಇದಿರಲಿ: $ಇನ್‌ಕ್ಲೂಡ್ /ಇಟಿಸಿ/ಇನ್‌ಪುಟ್‌ಆರ್‌ಸಿ.

ಮುಂದಿನದು ನನ್ನ ಆಯ್ಕೆ. ಪ್ರತಿಯೊಂದೂ ಸೆಟ್ ಎಂಬ ಪದದಿಂದ ಶುರುವಾಗಿ, ಹೆಸರು, ಆಮೇಲೆ ಆನ್ ಎಂದು ಮುಗಿಯುತ್ತದೆ. ಕಂಪ್ಲೀಶನ್-ಇಗ್ನೋರ್-ಕೇಸ್ ಹಾಕಿದರೆ ಟ್ಯಾಬ್ ಒತ್ತಿ ಹೆಸರು ಪೂರ್ತಿ ಮಾಡಿಸುವಾಗ ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಹೋಗುತ್ತದೆ. ಅದರ ಜೊತೆಗೆ ಕಂಪ್ಲೀಶನ್-ಮ್ಯಾಪ್-ಕೇಸ್ ಹಾಕಿದರೆ ಅಡ್ಡಗೆರೆ ಮತ್ತು ಅಡಿಗೆರೆ ಎರಡನ್ನೂ ಒಂದೇ ಎಂದು ಎಣಿಸುತ್ತದೆ. ಅಡಿಗೆರೆಗೆ ಶಿಫ್ಟ್ ಒತ್ತುವ ಕಿರಿಕಿರಿ ತಪ್ಪುತ್ತದೆ. ಶೋ-ಆಲ್-ಇಫ್-ಆಂಬಿಗ್ಯುಅಸ್ ಇದ್ದರೆ ಒಂದಕ್ಕಿಂತ ಹೆಚ್ಚು ಹೆಸರು ಹೊಂದುವಾಗ ಟ್ಯಾಬನ್ನು ಎರಡು ಸಲ ಒತ್ತಬೇಕಿಲ್ಲ, ಒಂದೇ ಸಲಕ್ಕೆ ಪಟ್ಟಿ ಬರುತ್ತದೆ. ಕಲರ್ಡ್-ಸ್ಟ್ಯಾಟ್ಸ್ ಆ ಪಟ್ಟಿಗೆ ಬಣ್ಣ ಕೊಡುತ್ತದೆ. ಸ್ಪೆಲಿಂಗ್ ಅಮೆರಿಕನ್, ಬಣ್ಣದ ಪದದಲ್ಲಿ ಯು ಇಲ್ಲ. ಸ್ಕಿಪ್-ಕಂಪ್ಲೀಟೆಡ್-ಟೆಕ್ಸ್ಟ್ ಪದದ ನಡುವೆ ನಿಂತು ಟ್ಯಾಬ್ ಒತ್ತಿದಾಗ ಬಾಲ ಎರಡೆರಡು ಸಲ ಬರುವುದನ್ನು ತಡೆಯುತ್ತದೆ. ಗಂಟೆ ಶಬ್ದ ಬೇಡವೆಂದರೆ ಸೆಟ್ ಬೆಲ್-ಸ್ಟೈಲ್ ನನ್.

ಮೇಲ್ಬಾಣದ ಸುಧಾರಣೆಗೆ ಸ್ವಲ್ಪ ಜಾಗ ಕೊಡಬೇಕು. ಸಹಜವಾಗಿ ಮೇಲ್ಬಾಣ ಹಿಂದಿನ ಕಮಾಂಡ್‌ಗಳನ್ನು ಒಂದಾದ ಮೇಲೊಂದು ತರುತ್ತದೆ. ಅದಕ್ಕೆ ಹಿಸ್ಟರಿ-ಸರ್ಚ್-ಬ್ಯಾಕ್‌ವರ್ಡ್ ಕೆಲಸ ವಹಿಸಿದರೆ, ಈಗಾಗಲೇ ಟೈಪ್ ಮಾಡಿರುವ ಅಕ್ಷರಗಳಿಂದ ಶುರುವಾಗುವ ಕಮಾಂಡ್‌ಗಳನ್ನು ಮಾತ್ರ ತರುತ್ತದೆ. ಎಸ್‌ಎಸ್‌ಎಚ್ ಎಂದು ಬರೆದು ಮೇಲ್ಬಾಣ ಒತ್ತಿದರೆ ಹಿಂದೆ ಹೋದ ಸರ್ವರ್‌ಗಳೆಲ್ಲ ಸಾಲಾಗಿ ಬರುತ್ತವೆ. ಏನೂ ಬರೆಯದೆ ಒತ್ತಿದರೆ ಹಳೆಯ ರೀತಿಯೇ, ಹಾಗಾಗಿ ನಷ್ಟವೇನಿಲ್ಲ. ಬರೆಯುವ ಕ್ರಮ ಹೀಗೆ: ಜೋಡಿ ಉದ್ಧರಣ ಚಿಹ್ನೆಯೊಳಗೆ ಹಿಂಬಾಗಿದ ಓರೆಗೆರೆ, ಸಣ್ಣ ಇ, ಎಡ ಚೌಕ ಕಂಸ, ದೊಡ್ಡ ಎ, ಚಿಹ್ನೆ ಮುಚ್ಚಿ, ವಿವರಣ ಚಿಹ್ನೆಯ ಎರಡು ಚುಕ್ಕಿ ಹಾಕಿ, ಕೆಲಸದ ಹೆಸರು ಬರೆಯುವುದು. ಕೆಳಬಾಣಕ್ಕೆ ದೊಡ್ಡ ಎ ಜಾಗದಲ್ಲಿ ದೊಡ್ಡ ಬಿ, ಬ್ಯಾಕ್‌ವರ್ಡ್ ಜಾಗದಲ್ಲಿ ಫಾರ್ವರ್ಡ್. ನಿಮ್ಮ ಟರ್ಮಿನಲ್ ಬಾಣಕ್ಕೆ ಯಾವ ಸಂಕೇತ ಕಳಿಸುತ್ತದೆ ಎಂಬ ಅನುಮಾನ ಬಂದರೆ ಕಂಟ್ರೋಲ್-ವಿ ಒತ್ತಿ, ಆಮೇಲೆ ಬಾಣ ಒತ್ತಿ. ಸಂಕೇತ ಹಾಗೆಯೇ ಪರದೆಗೆ ಬರುತ್ತದೆ. ಅಲ್ಲಿ ಕಾಣುವ ಟೊಪ್ಪಿ ಮತ್ತು ಮೊದಲ ಕಂಸ ಎರಡೂ ಸೇರಿ ಎಸ್ಕೇಪ್ ಎಂದರ್ಥ. ಹಿಂಬಾಗಿದ ಓರೆಗೆರೆ ಮತ್ತು ಇ ನಿಲ್ಲುವುದು ಅದೇ ಜಾಗದಲ್ಲಿ.

ಹೆಚ್ಚು ಜನ ಕೇಳಿರದ ಇನ್ನೊಂದು ಸೆಟ್ಟಿಂಗ್ ಇದೆ: ರಿವರ್ಟ್-ಆಲ್-ಅಟ್-ನ್ಯೂಲೈನ್. ಮೇಲ್ಬಾಣದಿಂದ ಹಳೆಯ ಕಮಾಂಡ್ ಒಂದನ್ನು ತಂದು, ಸ್ವಲ್ಪ ತಿದ್ದಿ, ಬೇಡವೆನಿಸಿ ಓಡಿಸದೆ ಬೇರೆ ಸಾಲಿಗೆ ಹೋದಿರಿ ಎನ್ನಿ. ತಿದ್ದಿದ ರೂಪವೇ ಇತಿಹಾಸದಲ್ಲಿ ಉಳಿದುಬಿಡುತ್ತದೆ, ಮೂಲ ಕಮಾಂಡ್ ಕಳೆದುಹೋಗುತ್ತದೆ. ಇತಿಹಾಸದ ಪಟ್ಟಿಯಲ್ಲಿ ಕೆಲವು ಸಾಲುಗಳ ಪಕ್ಕ ನಕ್ಷತ್ರ ಚಿಹ್ನೆ ಯಾಕಿದೆ ಎಂದು ಯೋಚಿಸಿದ್ದರೆ ಉತ್ತರ ಇದೇ. ಈ ಸೆಟ್ಟಿಂಗ್ ಆನ್ ಮಾಡಿದರೆ ಎಂಟರ್ ಒತ್ತಿದಾಗಲೆಲ್ಲ ಅಂಥ ಸಾಲುಗಳು ಮೂಲ ರೂಪಕ್ಕೆ ಮರಳುತ್ತವೆ. ಇದು ಮೊದಲಿಂದಲೂ ಆನ್ ಆಗಿರಬೇಕಿತ್ತು ಎಂಬುದು ನನ್ನ ದೂರು.

ಫೈಲ್ ಬದಲಿಸಿದ ಮೇಲೆ ಟರ್ಮಿನಲ್ ಮುಚ್ಚಿ ತೆರೆಯಬೇಕಿಲ್ಲ. ಕಂಟ್ರೋಲ್-ಎಕ್ಸ್, ಬೆನ್ನಿಗೆ ಕಂಟ್ರೋಲ್-ಆರ್. ಯಾವ ಸೆಟ್ಟಿಂಗ್ ಹೇಗಿದೆ ನೋಡಲು ಬ್ಯಾಷ್‌ನ ಬೈಂಡ್ ಕಮಾಂಡ್‌ಗೆ ಅಡ್ಡಗೆರೆ-ವಿ, ಯಾವ ಕೀಲಿಗೆ ಯಾವ ಕೆಲಸ ನೋಡಲು ಅಡ್ಡಗೆರೆ-ಪಿ. ನೀವು ಬರೆದ ಸೆಟ್ಟಿಂಗ್ ಅಲ್ಲಿ ಕಾಣದಿದ್ದರೆ ನಿಮ್ಮ ರೀಡ್‌ಲೈನ್ ಹಳೆಯದು. ಬ್ಯಾಷ್ 5.0ರ ಜೊತೆ ರೀಡ್‌ಲೈನ್ 8.0, 5.1ರ ಜೊತೆ 8.1, ಹೀಗೆ 2025ರ 5.3ರ ಜೊತೆ 8.3 ಬಂದಿದೆ. 8.3ರಲ್ಲಿ ಸರ್ಚ್-ಇಗ್ನೋರ್-ಕೇಸ್ ಎಂಬುದು ಸೇರಿ, ಇತಿಹಾಸದ ಹುಡುಕಾಟದಲ್ಲೂ ದೊಡ್ಡಕ್ಷರ ಸಣ್ಣಕ್ಷರದ ಭೇದ ಬಿಡಲು ಸಾಧ್ಯವಾಗಿದೆ. ಮ್ಯಾಕ್‌ನಲ್ಲಿ ಆಪಲ್ ಕೊಡುವ ಬ್ಯಾಷ್ ಇನ್ನೂ 3.2; ಇಲ್ಲಿ ಹೇಳಿದ ಹಲವು ಅಲ್ಲಿ ನಡೆಯುವುದಿಲ್ಲ.

ವಿಐ ಕೈಗೆ ಹತ್ತಿದವರು ಸೆಟ್ ಎಡಿಟಿಂಗ್-ಮೋಡ್ ವಿಐ ಹಾಕಿಕೊಳ್ಳಬಹುದು. ಶೆಲ್ ಬಗೆಗಿನ ಪಾಸಿಕ್ಸ್ ಮಾನದಂಡ ಹೆಸರಿಸುವುದು ವಿಐ ರೀತಿಯನ್ನೇ, ಇಮ್ಯಾಕ್ಸ್ ರೀತಿಯನ್ನಲ್ಲ. ಹಾಕಿಕೊಂಡರೆ ಶೋ-ಮೋಡ್-ಇನ್-ಪ್ರಾಂಪ್ಟ್ ಕೂಡ ಆನ್ ಮಾಡಿ, ಇಲ್ಲದಿದ್ದರೆ ಯಾವ ಸ್ಥಿತಿಯಲ್ಲಿದ್ದೀರೆಂದು ತಿಳಿಯದು. ಎರಡರಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ನಾನು ಬರುವುದಿಲ್ಲ.

ಒಂದು ಮಿತಿ ಮಾತ್ರ ಹಾಕಿಕೊಳ್ಳಿ. ಸೌಲಭ್ಯ ಹೆಚ್ಚಿಸುವ ಸೆಟ್ಟಿಂಗ್ ಎಷ್ಟಾದರೂ ಇರಲಿ, ಮೂಲ ಕೀಲಿಗಳ ಅರ್ಥ ಬದಲಿಸಬೇಡಿ. ಸಹೋದ್ಯೋಗಿಯ ಯಂತ್ರದಲ್ಲೋ ರಾತ್ರಿ ಕೆಟ್ಟು ನಿಂತ ಸರ್ವರ್‌ನಲ್ಲೋ ಕೆಲಸಕ್ಕೆ ಕೂತಾಗ ನಿಮ್ಮ ಫೈಲ್ ಅಲ್ಲಿರುವುದಿಲ್ಲ. ಕಂಟ್ರೋಲ್-ಕೆಗೆ ಬೇರೆ ಕೆಲಸ ಕೊಟ್ಟು ರೂಢಿಯಾದ ಬೆರಳು ಅಲ್ಲಿ ಅರ್ಧ ಸಾಲು ಕತ್ತರಿಸಿರುತ್ತದೆ.

ಪೇಸ್ಟ್, ಪ್ರಾಂಪ್ಟ್, ಇತಿಹಾಸ

ಜಾಲದಲ್ಲಿ ಕಂಡ ಕಮಾಂಡನ್ನು ನಕಲಿಸಿ ಟರ್ಮಿನಲ್‌ಗೆ ಅಂಟಿಸುವುದು ನಿತ್ಯದ ಕೆಲಸ. ನಕಲಿಸಿದ ಪಠ್ಯದ ಕೊನೆಯಲ್ಲಿ ಹೊಸಸಾಲಿನ ಚಿಹ್ನೆ ಇದ್ದರೆ, ನೀವು ಓದುವ ಮುನ್ನವೇ ಅದು ಓಡಿಬಿಡುತ್ತದೆ. ಕಣ್ಣಿಗೆ ಕಾಣದಂತೆ ನಡುವೆ ಬೇರೆ ಕಮಾಂಡ್ ಅಡಗಿಸಿಡುವ ಕಿಡಿಗೇಡಿಗಳೂ ಇದ್ದಾರೆ. ಇದಕ್ಕೆ ರೀಡ್‌ಲೈನ್ 7.0ರಲ್ಲಿ ಎನೇಬಲ್-ಬ್ರ್ಯಾಕೆಟೆಡ್-ಪೇಸ್ಟ್ ಬಂತು. ಅಂಟಿಸಿದ ಪಠ್ಯದ ಹಿಂದೆ ಮುಂದೆ ಟರ್ಮಿನಲ್ ಒಂದೊಂದು ಗುರುತು ಕಳಿಸುತ್ತದೆ. ಎರಡು ಗುರುತುಗಳ ನಡುವೆ ಏನೇ ಬಂದರೂ ರೀಡ್‌ಲೈನ್ ಅದನ್ನು ಪಠ್ಯವೆಂದೇ ನೋಡುತ್ತದೆ. ನೀವಾಗಿ ಎಂಟರ್ ಒತ್ತುವವರೆಗೆ ಏನೂ ನಡೆಯುವುದಿಲ್ಲ. 8.1ರಿಂದ ಇದು ಮೊದಲೇ ಆನ್ ಇರುತ್ತದೆ, ವಿತರಣೆಯವರು ಆರಿಸಿರದಿದ್ದರೆ. ಸೆಂಟ್‌ಒಎಸ್ 7ರಂಥ ಹಳೆಯ ಸರ್ವರ್‌ಗಳ ಬ್ಯಾಷ್ 4.2ರಲ್ಲಿ ಈ ರಕ್ಷಣೆಯೇ ಇಲ್ಲ. ಅಲ್ಲಿ ಮೊದಲು ಒಂದು ಪಠ್ಯ ಸಂಪಾದಕಕ್ಕೆ ಅಂಟಿಸಿ ಓದಿ.

ಪ್ರಾಂಪ್ಟ್‌ಗೆ ಬಣ್ಣ ಬಳಿದವರಿಗೆ ಬರುವ ತೊಂದರೆ ಒಂದಿದೆ: ಉದ್ದ ಕಮಾಂಡ್ ಬರೆಯುತ್ತ ಪರದೆಯ ಬಲತುದಿ ಮುಟ್ಟಿದಾಗ ಸಾಲು ಕೆಳಗಿಳಿಯದೆ ಅದೇ ಸಾಲಿನ ತಲೆಗೆ ಬಂದು ಹಳೆಯದರ ಮೇಲೇ ಬರೆಯುತ್ತದೆ. ಬಣ್ಣದ ಸಂಕೇತಗಳು ಪರದೆಯ ಮೇಲೆ ಜಾಗ ಹಿಡಿಯುವುದಿಲ್ಲ, ಆದರೆ ರೀಡ್‌ಲೈನ್ ಅವನ್ನೂ ಎಣಿಸಿ ಲೆಕ್ಕ ತಪ್ಪುತ್ತದೆ. ದೊಡ್ಡಕ್ಷರದ ಪಿಎಸ್‌1 ಎಂಬ ಚಲಕದಲ್ಲಿ ಪ್ರತಿ ಬಣ್ಣದ ಸಂಕೇತದ ಮೊದಲು \[ ಮತ್ತು ನಂತರ \] ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ.

ಇತಿಹಾಸದ ವಿಚಾರ ಚಿಕ್ಕದು. ಬ್ಯಾಷ್ ಸಹಜವಾಗಿ ನೆನಪಿಡುವುದು 500 ಕಮಾಂಡ್. ದೊಡ್ಡಕ್ಷರದ ಹಿಸ್ಟ್‌ಸೈಜ್ ಮತ್ತು ಹಿಸ್ಟ್‌ಫೈಲ್‌ಸೈಜ್ ಎರಡನ್ನೂ ಹೆಚ್ಚಿಸಿ. ಎರಡು ಟರ್ಮಿನಲ್ ತೆರೆದಿಟ್ಟಾಗ ಒಂದರ ಇತಿಹಾಸ ಇನ್ನೊಂದನ್ನು ಅಳಿಸದಿರಲು ಷಾಪ್ಟ್ -ಎಸ್ ಹಿಸ್ಟ್‌ಅಪೆಂಡ್ ಹಾಕಿ. ದೊಡ್ಡಕ್ಷರದ ಹಿಸ್ಟ್‌ಕಂಟ್ರೋಲ್‌ಗೆ ಇಗ್ನೋರ್‌ಬೋತ್ ಕೊಟ್ಟರೆ ಒಂದರ ಬೆನ್ನಿಗೊಂದು ಬರುವ ಪುನರುಕ್ತಿಗಳೂ, ಸ್ಪೇಸ್‌ನಿಂದ ಶುರುವಾಗುವ ಸಾಲುಗಳೂ ದಾಖಲಾಗುವುದಿಲ್ಲ. ಪಾಸ್‌ವರ್ಡ್ ಇರುವ ಕಮಾಂಡ್‌ನ ಮುಂದೆ ಒಂದು ಸ್ಪೇಸ್ ಒತ್ತುವ ಅಭ್ಯಾಸ ಆಗಲಿ. ಇತಿಹಾಸದ ಫೈಲ್‌ಗೆ ಬೀಗವಿಲ್ಲ, ಅದು ಬರೀ ಪಠ್ಯ.

ನಿಮ್ಮದೇ ಪ್ರೋಗ್ರಾಂಗೆ ಜೋಡಿಸುವುದಾದರೆ

ನೀವು ಬರೆದ ಅಥವಾ ನಿಮಗೆ ಅಂಟಿಕೊಂಡಿರುವ ಹಳೆಯ ಪ್ರೋಗ್ರಾಂನಲ್ಲಿ ಬಾಣ ಒತ್ತಿದರೆ ಟೊಪ್ಪಿ ಗುರುತು ಬರುತ್ತಿದೆಯೇ? ಕೋಡ್ ಮುಟ್ಟುವ ಮುನ್ನ ಆರ್‌ಎಲ್‌ರ್‍ಯಾಪ್ ಎಂಬ ಪುಟ್ಟ ಉಪಕರಣ ಸ್ಥಾಪಿಸಿ, ಅದರ ಹೆಸರನ್ನು ಕಮಾಂಡ್‌ನ ಮುಂದೆ ಸೇರಿಸಿ ಓಡಿಸಿ. ರೀಡ್‌ಲೈನ್ ಹೊರಗಿನಿಂದಲೇ ಬಂದು ಕೂರುತ್ತದೆ, ಇತಿಹಾಸವೂ ಉಳಿಯುತ್ತದೆ. ಒರಾಕಲ್‌ನ ಎಸ್‌ಕ್ಯೂಎಲ್‌ಪ್ಲಸ್‌ಗೆ ಇದನ್ನು ಕಟ್ಟಿಕೊಂಡೇ ಕೆಲಸ ಮಾಡುವ ಡೇಟಾಬೇಸ್ ನಿರ್ವಾಹಕರು ಬಹಳ ಮಂದಿ. ಪೈಥಾನ್ ಸ್ಕ್ರಿಪ್ಟ್ ಆದರೆ ಇನ್ನೂ ಸುಲಭ: ಮೇಲೆ ಇಂಪೋರ್ಟ್ ರೀಡ್‌ಲೈನ್ ಎಂದು ಒಂದು ಸಾಲು ಬರೆದರೆ ಇನ್‌ಪುಟ್ ಫಂಕ್ಷನ್ ಕೇಳುವ ಪ್ರತಿ ಪ್ರಶ್ನೆಗೂ ತಿದ್ದುವ ಸೌಲಭ್ಯ ಬರುತ್ತದೆ.

ಸಿ ಭಾಷೆಯಲ್ಲಿ ರೀಡ್‌ಲೈನ್ ಎಂಬ ಫಂಕ್ಷನ್‌ಗೆ ಪ್ರಾಂಪ್ಟ್ ಕೊಟ್ಟರೆ ಸಾಲು ಮರಳಿ ಬರುತ್ತದೆ. ಅದರ ಮೆಮೊರಿಯನ್ನು ಫ್ರೀ ಮಾಡುವುದು ನಿಮ್ಮ ಹೊಣೆ. ಏನೂ ಬರೆಯದೆ ಕಂಟ್ರೋಲ್-ಡಿ ಒತ್ತಿದರೆ ಬರುವುದು ನಲ್, ಖಾಲಿ ಸಾಲಲ್ಲ. ಇದನ್ನು ಪರೀಕ್ಷಿಸದ ಪ್ರೋಗ್ರಾಂ ಅಲ್ಲಿಯೇ ಕುಸಿಯುತ್ತದೆ. ಆರ್‌ಎಲ್_ರೀಡ್‌ಲೈನ್_ನೇಮ್ ಎಂಬ ಚಲಕಕ್ಕೆ ನಿಮ್ಮ ಪ್ರೋಗ್ರಾಂನ ಹೆಸರು ಕೊಡಲು ಮರೆಯಬೇಡಿ. ಕೊಟ್ಟರೆ ಬಳಕೆದಾರರು ಇನ್‌ಪುಟ್‌ಆರ್‌ಸಿಯಲ್ಲಿ $ಇಫ್ ಬಳಸಿ ನಿಮ್ಮ ಪ್ರೋಗ್ರಾಂಗಷ್ಟೇ ಬೇರೆ ಕೀಲಿ ಬರೆದುಕೊಳ್ಳಬಹುದು.

ಪರವಾನಗಿಯನ್ನು ಮಾತ್ರ ಮೊದಲೇ ನೋಡಿ. ರೀಡ್‌ಲೈನ್ ಇರುವುದು ಜಿಪಿಎಲ್ ಅಡಿಯಲ್ಲಿ, ಹೆಚ್ಚಿನ ಲೈಬ್ರರಿಗಳಂತೆ ಸಡಿಲವಾದ ಎಲ್‌ಜಿಪಿಎಲ್‌ನಲ್ಲಲ್ಲ. ಅದನ್ನು ಜೋಡಿಸಿ ಹಂಚುವ ಪ್ರೋಗ್ರಾಂ ಕೂಡ ಜಿಪಿಎಲ್‌ಗೆ ಒಪ್ಪಬೇಕು. ಇದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ಸ್ಥಾಪಕ ರಿಚರ್ಡ್ ಸ್ಟಾಲ್‌ಮನ್ ಬೇಕೆಂದೇ ಇಟ್ಟ ಷರತ್ತು. 1992ರಲ್ಲಿ ಸಿಲಿಸ್ಪ್ ಎಂಬ ಲಿಸ್ಪ್ ಪ್ರೋಗ್ರಾಂ ಇದೇ ಷರತ್ತಿನ ಬಗೆಗಿನ ವಾದದ ಕೊನೆಗೆ ತನ್ನ ಪರವಾನಗಿಯನ್ನು ಜಿಪಿಎಲ್‌ಗೆ ಬದಲಿಸಿಕೊಂಡಿತು. ಕೋಡ್ ತೆರೆಯಲು ಒಪ್ಪದ ಕಂಪನಿಗಳಿಗೆ ನೆಟ್‌ಬಿಎಸ್‌ಡಿಯ ಲಿಬ್‌ಎಡಿಟ್ ಇದೆ. ಮ್ಯಾಕ್‌ನಲ್ಲಿ ಆಪಲ್ ಕೊಡುವುದೂ ಅದನ್ನೇ. ರೆಡಿಸ್ ಡೇಟಾಬೇಸ್ ಬರೆದ ಸಾಲ್ವತೋರೆ ಸಾನ್‌ಫಿಲಿಪ್ಪೊ ಅವರ ಲೈನ್‌ನಾಯ್ಸ್ ಇನ್ನೂ ಚಿಕ್ಕದು, ಒಂದೇ ಸಿ ಫೈಲ್‌ನಲ್ಲಿ ಮುಗಿಯುತ್ತದೆ.

ಕನ್ನಡ ಟೈಪ್ ಮಾಡಿದರೆ

ಫೈಲ್‌ಗೆ ಕನ್ನಡದಲ್ಲಿ ಹೆಸರಿಡುವವರು, ಕನ್ನಡ ಪದ ಕೊಟ್ಟು ಗ್ರೆಪ್‌ನಿಂದ ಹುಡುಕುವವರು ಈಗ ಕಡಿಮೆಯಿಲ್ಲ. ಕರ್ಸರ್ ಒಂದು ಕಡೆ ಕಾಣುತ್ತದೆ, ಅಳಿಸಿದರೆ ಇನ್ನೊಂದು ಅಕ್ಷರ ಹೋಗುತ್ತದೆ ಎಂಬುದು ಅವರ ದೂರು. ಕಾರಣ ತಿಳಿದಿದ್ದರೆ ಅರ್ಧ ಕಿರಿಕಿರಿ ತಪ್ಪೀತು.

'ಕನ್ನಡ' ಎಂಬ ಪದ ನಮ್ಮ ಕಣ್ಣಿಗೆ 3 ಅಕ್ಷರ. ಯೂನಿಕೋಡ್‌ನಲ್ಲಿ ಕ, ನ, ವಿರಾಮ, ನ, ಡ ಎಂದು 5 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3ರಂತೆ 15 ಬೈಟ್. ಪರದೆಯ ಮೇಲಿನ ಅಗಲ ಲೆಕ್ಕಹಾಕುವ ರೂಢಿಯ ನಿಯಮದಂತೆ ವಿರಾಮಕ್ಕೆ ಸೊನ್ನೆ, ಉಳಿದವಕ್ಕೆ ಒಂದೊಂದು ಮನೆ, ಒಟ್ಟು 4. ಆದರೆ ಫಾಂಟ್ ಒತ್ತಕ್ಷರವನ್ನು ಕೆಳಗೆ ಬಿಡಿಸಿ 3 ಮನೆಯಲ್ಲೇ ಮುಗಿಸಿದರೆ, ರೀಡ್‌ಲೈನ್‌ನ ಲೆಕ್ಕಕ್ಕೂ ಕಾಣುವುದಕ್ಕೂ ಒಂದು ಮನೆ ವ್ಯತ್ಯಾಸ. ಸಾಲು ಉದ್ದವಾದಂತೆ ವ್ಯತ್ಯಾಸವೂ ಬೆಳೆಯುತ್ತದೆ.

ಸ್ವರಚಿಹ್ನೆಗಳಲ್ಲೂ ಪಂಕ್ತಿಭೇದವಿದೆ. ಯೂನಿಕೋಡ್ ಪ್ರಕಾರ ಇಕಾರದ ಗುಡಿಸು ಜಾಗ ಹಿಡಿಯದ ಚಿಹ್ನೆ, ಆಕಾರದ ದೀರ್ಘ ಜಾಗ ಹಿಡಿಯುವ ಚಿಹ್ನೆ. ರೀಡ್‌ಲೈನ್ ಅಳಿಸುವಾಗ ಜಾಗ ಹಿಡಿಯದ್ದನ್ನು ಅದರ ವ್ಯಂಜನದ ಜೊತೆಗೇ ತೆಗೆಯುತ್ತದೆ. ಆದ್ದರಿಂದ 'ನಿ' ಒಂದೇ ಬ್ಯಾಕ್‌ಸ್ಪೇಸ್‌ಗೆ ಪೂರ್ತಿ ಹೋಗುತ್ತದೆ. 'ನಾ' ಅಳಿಸಿದರೆ ದೀರ್ಘ ಮಾತ್ರ ಹೋಗಿ 'ನ' ಉಳಿಯುತ್ತದೆ. ಬರೆಯುವವರ ದೃಷ್ಟಿಯಿಂದ ಇದಕ್ಕೆ ಯಾವ ತರ್ಕವೂ ಇಲ್ಲ.

ವಿರಾಮ ಚಿಹ್ನೆಗೆ ಯೂನಿಕೋಡ್ ವರ್ಣಮಾಲೆಯ ಗುಣ ಕೊಟ್ಟಿಲ್ಲ. ಹಾಗಾಗಿ ಆಲ್ಟ್-ಬಿ, ಆಲ್ಟ್-ಎಫ್‌ಗಳು ಒತ್ತಕ್ಷರವಿರುವ ಪದದ ನಡುವೆಯೇ ನಿಲ್ಲಬಹುದು. ಕನ್ನಡ ಪದ ಅಳಿಸಲು ಸ್ಪೇಸ್ ಮಾತ್ರ ನೋಡುವ ಕಂಟ್ರೋಲ್-ಡಬ್ಲ್ಯೂವನ್ನೇ ಬಳಸಿ. ಸಾಲು ಕಲಸಿಹೋದರೆ ಕಂಟ್ರೋಲ್-ಎಲ್ ಒತ್ತಿ ಪರದೆ ಮತ್ತೆ ಬಿಡಿಸಿಕೊಳ್ಳಿ. ಒಂದೆರಡು ಪದಕ್ಕಿಂತ ಹೆಚ್ಚು ಕನ್ನಡ ಇದ್ದರೆ ಕಂಟ್ರೋಲ್-ಎಕ್ಸ್ ಕಂಟ್ರೋಲ್-ಇ ಒತ್ತಿ, ಕನ್ನಡವನ್ನು ಸರಿಯಾಗಿ ಬಿಡಿಸಬಲ್ಲ ಸಂಪಾದಕದಲ್ಲಿ ಬರೆಯುವುದೇ ಜಾಣತನ. ಫೈಲ್ ಹೆಸರಿನ ಮೊದಲಕ್ಷರ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ರೀಡ್‌ಲೈನ್ ಇಂಗ್ಲಿಷ್‌ನಷ್ಟೇ ಸಲೀಸಾಗಿ ತುಂಬುತ್ತದೆ.

'ಕ' ಟೈಪ್ ಮಾಡಿದರೆ \340\262\225 ಎಂಬಂಥ ಅಂಕಿಗಳು ಬಂದರೆ ಅದು ಬೇರೆ ಕಾಯಿಲೆ. ಆ ಮೂರು ಅಂಕಿಗಳೇ 'ಕ'ದ 3 ಬೈಟ್‌ಗಳು. ಯಂತ್ರದ ಲೊಕೇಲ್ ಯುಟಿಎಫ್-8 ಅಲ್ಲ ಎಂದರ್ಥ. ಬೇರೆ ಊರಿನ ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಿದಾಗ ಇದು ಸಾಮಾನ್ಯ. ಲೊಕೇಲ್ ಎಂಬ ಕಮಾಂಡ್ ಕೊಟ್ಟು ನೋಡಿ, ಯುಟಿಎಫ್-8 ಇರುವ ಯಾವುದಾದರೂ ಒಂದನ್ನು ಹೊಂದಿಸಿ. ಕನ್ನಡದ ಲೊಕೇಲೇ ಬೇಕೆಂದಿಲ್ಲ, ಇಂಗ್ಲಿಷಿನದಾದರೂ ಸಾಕು.

ಲೊಕೇಲ್ ಬಿಟ್ಟು ಉಳಿದ ತೊಂದರೆಗಳಲ್ಲಿ ನಿಜವಾದ ಸುಧಾರಣೆ ಲೈಬ್ರರಿಯೊಳಗೇ ಆಗಬೇಕು: ಸಂಕೇತಗಳನ್ನಲ್ಲ, ಓದುಗರು ಒಂದು ಅಕ್ಷರವೆಂದು ಕಾಣುವ ಗುಚ್ಛವನ್ನು ಎಣಿಸಬೇಕು. ಗುಚ್ಛ ಎಲ್ಲಿ ಶುರು, ಎಲ್ಲಿ ಕೊನೆ ಎಂಬುದಕ್ಕೆ ಯೂನಿಕೋಡ್ ನಿಯಮಗಳನ್ನು ಪ್ರಕಟಿಸಿದೆ. ಆದರೆ ಟರ್ಮಿನಲ್ ಒಂದು ಲೆಕ್ಕ, ಲೈಬ್ರರಿ ಇನ್ನೊಂದು ಲೆಕ್ಕ ಹಿಡಿದರೆ ಕರ್ಸರ್ ಮತ್ತಷ್ಟು ಅಲೆಯುತ್ತದೆ. ಇಬ್ಬರೂ ಒಟ್ಟಿಗೆ ಬದಲಾಗಬೇಕಾದ್ದರಿಂದಲೇ ಕೆಲಸ ತಡವಾಗುತ್ತಿರುವುದು. ಕನ್ನಡ ಬಲ್ಲ ಪ್ರೋಗ್ರಾಮರ್‌ಗಳು ಇಲ್ಲಿ ಉಪಯೋಗಕ್ಕೆ ಬರಬಹುದು, ಕೋಡ್ ಬರೆಯದೆಯೂ. ಬ್ಯಾಷ್ ಜೊತೆಗೇ ಬ್ಯಾಷ್‌ಬಗ್ ಎಂಬ ಕಮಾಂಡ್ ಬರುತ್ತದೆ, ದೋಷ ವರದಿ ಕಳಿಸಲೆಂದೇ. ಕಳಿಸುವ ಮುನ್ನ ತೊಂದರೆ ಕೊಡುವ ಪದವನ್ನು ಎಕೋ ಕಮಾಂಡ್‌ನಿಂದ ಮುದ್ರಿಸಿ ನೋಡಿ. ಮುದ್ರಿಸಿದಾಗಲೂ ಅದು ಕೆಟ್ಟಿದ್ದರೆ ತಪ್ಪು ಟರ್ಮಿನಲ್‌ನದು ಅಥವಾ ಫಾಂಟಿನದು, ವರದಿ ಅವರಿಗೆ ಹೋಗಬೇಕು. ಮುದ್ರಣ ಸರಿಯಿದ್ದು ತಿದ್ದುವಾಗ ಮಾತ್ರ ಕೆಟ್ಟರೆ ರೀಡ್‌ಲೈನ್‌ನ ಲೆಕ್ಕವನ್ನು ಶಂಕಿಸಬಹುದು. ಪದ, ಅದರ ಯೂನಿಕೋಡ್ ಸಂಕೇತಗಳ ಪಟ್ಟಿ, ಒತ್ತಿದ ಕೀಲಿಗಳು, ಲೊಕೇಲ್, ಟರ್ಮಿನಲ್‌ನ ಹೆಸರು ಮತ್ತು ಆವೃತ್ತಿ ಇಷ್ಟನ್ನು ಬರೆಯಿರಿ. ಆಗಬೇಕಾದ್ದೇನು, ಆದದ್ದೇನು ಎಂಬುದನ್ನು ಬೇರೆ ಬೇರೆ ಸಾಲಿನಲ್ಲಿ ಕೊಡಿ, ಏಕೆಂದರೆ ವರದಿ ಓದುವವರಿಗೆ ಕನ್ನಡ ಬರುವುದಿಲ್ಲ.